ಹೆಸರು ಹೇಳುವ ಮುನ್ನ

ಲಾಸ್ ಆಲ್ಟೋಸ್ ಗ್ರಂಥಾಲಯದ ಪಕ್ಕ, ಏಪ್ರಿಕಾಟ್ ತೋಟದ ಅಂಚಿನ ಬೆಂಚು. ಒಬ್ಬರು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ದಾವಣಗೆರೆಯಿಂದ ಮಗನ ಮನೆಗೆ ಬಂದಿರುವ ದೊಡ್ಡಪ್ಪ. ಇನ್ನೊಬ್ಬಳು ಪಕ್ಕದ ಮೌಂಟನ್ ವ್ಯೂನಲ್ಲಿ ಸೈಬರ್ ಭದ್ರತೆಯ ಕೆಲಸದಲ್ಲಿರುವ ಅವರ ತಮ್ಮನ ಮಗಳು.

ದೊಡ್ಡಪ್ಪ: ನಿನ್ನನ್ನು ಬರಹೇಳಿದ್ದು ಒಂದು ಕೆಲಸಕ್ಕೆ. ಬೆಳಿಗ್ಗೆ ನನ್ನ ಜತೆ ವಾಕಿಂಗ್ ಬರುವ ಮಂಡ್ಯದವರು ಒಬ್ಬರಿದ್ದಾರಲ್ಲ, ಅವರು ಇಲ್ಲೇ ಹುಟ್ಟಿದ ಮೊಮ್ಮಗಳಿಗೆ ಭಾರತದ ಇ-ವೀಸಾ ಮಾಡಿಸಲು ಹೋಗಿ ಯಾವುದೋ ಸೈಟಿಗೆ ದುಡ್ಡು ಕಟ್ಟಿದ್ದಾರೆ. ನೋಡಲು ಸರ್ಕಾರದ್ದೇ ಇದ್ದ ಹಾಗಿತ್ತಂತೆ, ಸಿಂಹ ಲಾಂಛನವೂ ಇತ್ತಂತೆ. ದುಡ್ಡೂ ಹೋಯಿತು, ಮಗುವಿನ ಪಾಸ್‌ಪೋರ್ಟಿನ ಪುಟವೂ ಯಾರದೋ ಕೈ ಸೇರಿತು. ಅದರ ಹಿಂದೆ ಯಾರಿದ್ದಾನೆ ಅಂತ ಹುಡುಕಿಕೊಡು. ಹೆಸರು, ಊರು, ಫೋಟೋ ಸಿಕ್ಕರೆ ಸಾಕು, ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಡುತ್ತೇನೆ.

ಮಗಳು: ಹುಡುಕುವುದಕ್ಕೆ ನಾನಿದ್ದೇನೆ ದೊಡ್ಡಪ್ಪ. ಗುಂಪಿಗೆ ಹಾಕುವುದಕ್ಕೆ ಇಲ್ಲ.

ದೊಡ್ಡಪ್ಪ: ಕಳ್ಳನ ಹೆಸರು ಹೇಳುವುದರಲ್ಲಿ ತಪ್ಪೇನು?

ಮಗಳು: ಕಳ್ಳ ಯಾರು ಅಂತ ಗೊತ್ತಾದ ಮೇಲೆ ಆ ಮಾತು. ಈಗ ನಮ್ಮ ಕೈಯಲ್ಲಿರುವುದು ಒಂದು ವೆಬ್ ವಿಳಾಸ, ನೀವು ಕಳಿಸಿದ ಒಂದು ಸ್ಕ್ರೀನ್‌ಶಾಟ್, ಪಿಡಿಎಫ್ ಇರುವ ಒಂದು ಇ-ಮೇಲ್, ಕಾರ್ಡಿನ ಒಂದು ರಸೀದಿ. ಇಷ್ಟರಿಂದಲೇ ತುಂಬಾ ದೂರ ಹೋಗಬಹುದು, ಅದೂ ಯಾರ ಪಾಸ್‌ವರ್ಡನ್ನೂ ಮುಟ್ಟದೆ. ಇದನ್ನು ನಾವು ಓಸಿಂಟ್ ಅನ್ನುತ್ತೇವೆ. ಬಹಿರಂಗವಾಗಿ ಬಿದ್ದಿರುವ ಮಾಹಿತಿಯನ್ನು ಕ್ರಮವಾಗಿ ಕೂಡಿಸಿ, ತಾಳೆ ನೋಡಿ, ತೀರ್ಮಾನಕ್ಕೆ ಬರುವ ಕೆಲಸ. ಮೊದಲು ಆ ಸೈಟಿಗೆ ಎಷ್ಟು ವಯಸ್ಸು ಅಂತ ನೋಡೋಣ. ಡೊಮೇನ್ ನೋಂದಣಿಯ ದಾಖಲೆ ಯಾರು ಕೇಳಿದರೂ ಸಿಗುತ್ತದೆ. ಹಿಂದೆ ಅದರಲ್ಲಿ ಮಾಲೀಕನ ಹೆಸರು, ಫೋನು ಎಲ್ಲ ಇರುತ್ತಿತ್ತು. 2018ರ ಮೇನಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಹೆಚ್ಚಿನ ಕಡೆ ಹೆಸರು ಮರೆಯಾಯಿತು, ನೋಂದಣಿಯ ತಾರೀಖು ಮಾತ್ರ ಉಳಿಯಿತು. ಭಾರತ ಸರ್ಕಾರದ ವೀಸಾ ಸೈಟು ಹೋದ ತಿಂಗಳು ಹುಟ್ಟಿರಲು ಸಾಧ್ಯವೇ?

ದೊಡ್ಡಪ್ಪ: ಆದರೆ ಬೀಗದ ಗುರುತು ಇತ್ತಂತೆ. ಅದನ್ನು ನೋಡಿಯೇ ಅವರು ಧೈರ್ಯ ಮಾಡಿದ್ದು.

ಮಗಳು: ಆ ಬೀಗ ಹೇಳುವುದು ಒಂದೇ ಸಂಗತಿ. ನಮಗೂ ಆ ಸೈಟಿಗೂ ನಡುವಿನ ಮಾತನ್ನು ಬೇರೆಯವರು ಕದ್ದು ಕೇಳಲಾರರು. ಆ ಕಡೆ ಕೂತವನು ಸಾಚಾ ಅಂತ ಅದು ಎಲ್ಲೂ ಹೇಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಆ ಬೀಗವನ್ನು, ಅಂದರೆ ಪ್ರಮಾಣಪತ್ರವನ್ನು, ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಒಳ್ಳೆಯ ಕೆಲಸವೇ, ಆದರೆ ಮೋಸಗಾರನಿಗೂ ಅದು ಅಷ್ಟೇ ಸುಲಭವಾಗಿ ಸಿಗುತ್ತದೆ. ನಮಗೆ ಅನುಕೂಲವಾದದ್ದು ಇನ್ನೊಂದು ಬೆಳವಣಿಗೆ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಎಂಬ ಕಂಪನಿಗೆ ಯಾರೋ ನುಗ್ಗಿ ಗೂಗಲ್ ಹೆಸರಿನ ನಕಲಿ ಪ್ರಮಾಣಪತ್ರ ತಯಾರಿಸಿಕೊಂಡರು. ಇರಾನಿನ ಜನರ ಜಿಮೇಲ್ ಇಣುಕಿ ನೋಡಲು ಅದು ಬಳಕೆಯಾಯಿತು. ಆಮೇಲೆ ಈ ನಮ್ಮ ಮೌಂಟನ್ ವ್ಯೂನ ಗೂಗಲ್ ಎಂಜಿನಿಯರುಗಳು ಮುಂದೆ ನಿಂತು, ಕೊಟ್ಟ ಪ್ರತಿ ಪ್ರಮಾಣಪತ್ರವನ್ನೂ ಬಹಿರಂಗ ರಿಜಿಸ್ಟರಿನಲ್ಲಿ ಬರೆಯಲೇಬೇಕು ಅನ್ನುವ ವ್ಯವಸ್ಥೆ ತಂದರು. ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾಗದು. 2018ರ ಏಪ್ರಿಲ್ ಕೊನೆಯ ನಂತರ ಕೊಟ್ಟದ್ದು ಆ ರಿಜಿಸ್ಟರಿನಲ್ಲಿ ಇಲ್ಲದಿದ್ದರೆ ಕ್ರೋಮ್ ಅದನ್ನು ಒಪ್ಪುವುದಿಲ್ಲ.

ದೊಡ್ಡಪ್ಪ: ಅಂದರೆ ಮೋಸದ ಅಂಗಡಿ ತೆರೆಯುವವನೂ ರಿಜಿಸ್ಟರಿಗೆ ಸಹಿ ಹಾಕಿಯೇ ತೆರೆಯಬೇಕು.

ಮಗಳು: ಹಾಕಲೇಬೇಕು. ಸಿಆರ್‌ಟಿ ಡಾಟ್ ಎಸ್‌ಎಚ್ ಎಂಬ ಪುಟದಲ್ಲಿ ಯಾರು ಬೇಕಾದರೂ ಹುಡುಕಬಹುದು. ವೀಸಾ, ಇಂಡಿಯಾ ಅನ್ನುವ ಪದಗಳಿರುವ ಹೊಸ ಹೆಸರುಗಳನ್ನು ಸೋಸಿದರೆ ಇಂಥವು ಗೊಂಚಲುಗೊಂಚಲಾಗಿ ಕಾಣುತ್ತವೆ. ಒಂದು ಸೈಟು ಮುಚ್ಚಿಸಿದರೆ ಮರುದಿನ ಇನ್ನೊಂದು ಹೆಸರಿನಲ್ಲಿ ಏಳುವುದೂ ಅಲ್ಲಿಯೇ ಗೊತ್ತಾಗುತ್ತದೆ. ಆಮೇಲೆ ಆ ಪುಟದ ಪ್ರತಿಯನ್ನು ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1996ರಲ್ಲಿ ಬ್ರೂಸ್ಟರ್ ಕೇಲ್ ಕಟ್ಟಿದ ಇಂಟರ್ನೆಟ್ ಆರ್ಕೈವ್‌ನದು ಅದು. ನಾಳೆ ಅವರು ಸೈಟು ಬದಲಿಸಿದರೂ ಇಂದು ಹೀಗಿತ್ತು ಅನ್ನುವುದಕ್ಕೆ ಮೂರನೆಯವರ ಬಳಿ ದಾಖಲೆ ಇರುತ್ತದೆ. ನನ್ನ ಹತ್ತಿರವೂ ಒಂದು ಪ್ರತಿ, ತೆಗೆದ ಸಮಯ, ಅದರ ಹ್ಯಾಶ್ ಸಂಖ್ಯೆ. ಆ ಕಡತದಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ.

ದೊಡ್ಡಪ್ಪ: ಇದು ನಮ್ಮ ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆದಂತೆಯೇ ಇದೆ. ಯಾವ ಲೆಡ್ಜರು, ಯಾವ ಪುಟ, ಯಾವ ವೋಚರು ಅಂತ ಬರೆಯದಿದ್ದರೆ ರೀಜನಲ್ ಆಫೀಸಿನಲ್ಲಿ ಅದನ್ನು ಓದುತ್ತಲೇ ಇರಲಿಲ್ಲ. ಸರಿ, ಅವನೊಬ್ಬನಿಗೇ ಹತ್ತು ಸೈಟುಗಳಿವೆ ಅಂತ ಹೇಗೆ ಗೊತ್ತುಮಾಡುತ್ತೀ?

ಮಗಳು: ಇಲ್ಲಿಂದಾಚೆಗೇ ಕಾಲು ಜಾರುವುದು. ಎರಡು ಸೈಟುಗಳು ಒಂದೇ ಐಪಿ ವಿಳಾಸದಲ್ಲಿದ್ದರೆ ಎರಡರ ಮಾಲೀಕನೂ ಒಬ್ಬನೇ ಅಂತ ಹೊಸಬರು ತೀರ್ಮಾನಿಸಿಬಿಡುತ್ತಾರೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ವಿಳಾಸದ ಕೆಳಗೆ ನೂರಾರು ಸೈಟುಗಳಿರುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ. ಕ್ಲೌಡ್‌ಫ್ಲೇರ್‌ನಂಥ ಮಧ್ಯವರ್ತಿ ಸೇವೆ ಸೈಟಿನ ಮುಂದಿದ್ದರೆ ಕಾಣುವುದು ಆ ಸೇವೆಯ ವಿಳಾಸ. ಅದಕ್ಕಿಂತ ಗಟ್ಟಿ ಸುಳಿವು ಪುಟದೊಳಗೆ ಅಡಗಿರುವ ಅನಲಿಟಿಕ್ಸ್ ಸಂಖ್ಯೆ. ಎಷ್ಟು ಜನ ಬಂದರು ಅಂತ ಎಣಿಸಲು ಮಾಲೀಕನೇ ಹಾಕಿಕೊಳ್ಳುವಂಥದು. ಹತ್ತು ಸೈಟುಗಳಲ್ಲಿ ಅದೇ ಸಂಖ್ಯೆ ಇದ್ದರೆ ಒಂದೇ ಕೈ ಅನ್ನಿಸುತ್ತದೆ. ಆದರೆ ಮೋಸಗಾರ ಯಾರದೋ ಸಾಚಾ ಟ್ರಾವೆಲ್ ಏಜೆಂಟನ ಪುಟವನ್ನು ಹಾಗೇ ನಕಲು ಮಾಡಿದ್ದರೆ ಏಜೆಂಟನ ಸಂಖ್ಯೆಯೂ ಅದರ ಜತೆ ಬಂದಿರುತ್ತದೆ. ಆಗ ನನ್ನ ಸಾಕ್ಷ್ಯವೆಲ್ಲ ನೇರವಾಗಿ ಒಬ್ಬ ಅಮಾಯಕನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅವನೂ ವಂಚನೆಗೆ ಒಳಗಾದವನೇ, ಮಂಡ್ಯದವರ ಹಾಗೆ. ನೀವು ಅವನ ಫೋಟೋ ಗುಂಪಿಗೆ ಹಾಕಿರುತ್ತೀರಿ.

ದೊಡ್ಡಪ್ಪ: ಅಷ್ಟು ಎಡವಟ್ಟಾದದ್ದುಂಟೇ?

ಮಗಳು: 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಸ್ಯಾನ್ ಫ್ರಾನ್ಸಿಸ್ಕೋದ ರೆಡ್ಡಿಟ್‌ನಲ್ಲಿ ಸಾವಿರಾರು ಜನ ಫೋಟೋಗಳನ್ನು ಹರಡಿಕೊಂಡು ಕೂತರು. ಅವರಲ್ಲಿ ಬಹುಪಾಲು ಮಂದಿ ಒಳ್ಳೆಯ ಮನಸ್ಸಿನಿಂದಲೇ ಕೂತವರು ಅಂತ ನನ್ನ ನಂಬಿಕೆ. ಒಂದು ತಿಂಗಳ ಹಿಂದೆ ಕಾಣೆಯಾಗಿದ್ದ ಬ್ರೌನ್ ವಿಶ್ವವಿದ್ಯಾಲಯದ ಭಾರತೀಯ ಮೂಲದ ವಿದ್ಯಾರ್ಥಿಯ ಮುಖಕ್ಕೂ ಎಫ್‌ಬಿಐ ಬಿಡುಗಡೆ ಮಾಡಿದ ಚಿತ್ರಕ್ಕೂ ಹೋಲಿಕೆ ಕಂಡಿತು. ಒಂದೇ ರಾತ್ರಿಯಲ್ಲಿ ಅವನ ಹೆಸರು ಊರೂರು ತಿರುಗಿತು. ಮಗನನ್ನು ಹುಡುಕಲು ಮನೆಯವರು ತೆರೆದಿದ್ದ ಫೇಸ್‌ಬುಕ್ ಪುಟಕ್ಕೆ ಬೈಗುಳದ ಮಳೆ, ಮನೆಗೆ ಕರೆಗಳ ಮೇಲೆ ಕರೆ. ಬಾಂಬ್ ಇಟ್ಟವರು ಬೇರೆಯೇ ಇಬ್ಬರು ಅಂತ ಬೆಳಗಾಗುವಷ್ಟರಲ್ಲಿ ತಿಳಿಯಿತು. ರೆಡ್ಡಿಟ್ ಬಹಿರಂಗವಾಗಿ ಕ್ಷಮೆ ಕೇಳಿತು. ಏಪ್ರಿಲ್ 23ರಂದು ಆ ಹುಡುಗನ ಶವ ಪ್ರಾವಿಡೆನ್ಸ್‌ನ ನದಿಯಲ್ಲಿ ಸಿಕ್ಕಿತು. ಬಾಂಬ್ ಸ್ಫೋಟಕ್ಕೆ ಮೊದಲೇ ಅವನು ತೀರಿಹೋಗಿದ್ದ ದೊಡ್ಡಪ್ಪ. ಮಗ ಎಲ್ಲಿದ್ದಾನೋ ಅಂತ ಕಾಯುತ್ತಿದ್ದ ತಾಯಿತಂದೆ, ನಿಮ್ಮ ಮಗ ಕೊಲೆಗಾರ ಅನ್ನುವ ಮಾತನ್ನೂ ಕೇಳಬೇಕಾಯಿತು.

ದೊಡ್ಡಪ್ಪ: ಅಯ್ಯೋ.

ಮಗಳು: ಫೋಟೋ ಹೋಲಿಸಿದವರು ಯಾವ ಕಾನೂನನ್ನೂ ಮುರಿದಿರಲಿಲ್ಲ. ಯಾವ ಬೀಗವನ್ನೂ ಒಡೆದಿರಲಿಲ್ಲ. ಎಲ್ಲವೂ ಬಹಿರಂಗವಾಗಿದ್ದ ಮಾಹಿತಿಯೇ.

ದೊಡ್ಡಪ್ಪ: ಒಪ್ಪಿದೆ. ಆದರೂ ನನ್ನ ಮಾತು ಕೇಳು. ನೀನು ಹೇಳಿದ್ದೆಲ್ಲ ಸರಿ, ಆದರೆ ಅದರಿಂದ ಲಾಭ ಯಾರಿಗೆ? ನೂರಿನ್ನೂರು ಡಾಲರ್ ಹೋಯಿತು ಅಂತ ಪೊಲೀಸರ ಹತ್ತಿರ ಹೋದರೆ ಒಂದು ನಂಬರ್ ಕೊಟ್ಟು ಕಳಿಸುತ್ತಾರೆ. ಆ ಮನುಷ್ಯ ನಾಚಿಕೆಯಿಂದ ಮಗನಿಗೂ ಹೇಳಿಲ್ಲ. ಬ್ಯಾಂಕಿನಲ್ಲಿ ಇಂಥದನ್ನು ಎಷ್ಟು ನೋಡಿಲ್ಲ! ದೊಡ್ಡ ವಂಚನೆಗೆ ದೊಡ್ಡ ಫೈಲು, ಸಣ್ಣವರ ದುಡ್ಡು ಹೋದರೆ ಕೇಳುವವರೇ ಇಲ್ಲ. ನಾವೇ ಕೇಳದಿದ್ದರೆ ಮತ್ತೆ ಯಾರು ಕೇಳಬೇಕು?

ಮಗಳು: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಈ ಪ್ರಶ್ನೆಗೆ ಇದೇ ಬೇ ಏರಿಯಾದಲ್ಲಿ ಒಬ್ಬ ಮನುಷ್ಯ 1986ರಲ್ಲಿ ಉತ್ತರ ಹುಡುಕಿದ. ಬರ್ಕ್ಲಿಯ ಲಾರೆನ್ಸ್ ಲ್ಯಾಬ್‌ನಲ್ಲಿ ಕ್ಲಿಫರ್ಡ್ ಸ್ಟೋಲ್ ಅಂತ ಖಗೋಳ ವಿಜ್ಞಾನಿ. ಸಂಶೋಧನೆಯ ಹಣ ಮುಗಿದು ಕಂಪ್ಯೂಟರ್ ವಿಭಾಗಕ್ಕೆ ಬಂದು ಬಿದ್ದಿದ್ದ. ಯಾರು ಎಷ್ಟು ಹೊತ್ತು ಕಂಪ್ಯೂಟರ್ ಬಳಸಿದರು ಅನ್ನುವ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು.

ದೊಡ್ಡಪ್ಪ: 75 ಸೆಂಟ್! ನಮ್ಮ ಬ್ರಾಂಚಿನಲ್ಲಾದರೆ ಕ್ಯಾಷಿಯರ್ ತನ್ನ ಜೇಬಿನಿಂದ ಹಾಕಿ ಟ್ಯಾಲಿ ಮಾಡಿ ಮನೆಗೆ ಹೋಗುತ್ತಿದ್ದ. ನಾನು ಬಿಡುತ್ತಿರಲಿಲ್ಲ. ಲಕ್ಷದ ವ್ಯತ್ಯಾಸ ಕೂಡುವುದರಲ್ಲಿ ಆದ ತಪ್ಪಾಗಿರಬಹುದು, ಪೈಸೆಯ ವ್ಯತ್ಯಾಸದ ಹಿಂದೆ ಬೇರೆ ಏನಾದರೂ ಇದ್ದೇ ಇರುತ್ತದೆ.

ಮಗಳು: ಅವನೂ ಬಿಡಲಿಲ್ಲ. ಲ್ಯಾಬಿಗೆ ಹೊರಗಿನಿಂದ ಬರುವ ಲೈನುಗಳಿಗೆ, ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜುಗಳಿಂದ ಪ್ರಿಂಟರುಗಳನ್ನು ಎತ್ತಿಕೊಂಡು ಬಂದು ಜೋಡಿಸಿದ. ಒಳಗೆ ನುಗ್ಗಿದವನು ಒತ್ತಿದ ಪ್ರತಿ ಕೀಲಿಯೂ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಆಕಾಶ ನೋಡುವವರಿಗಿರುವ ಅಭ್ಯಾಸದಂತೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಸಮಯ ಹಾಕಿ ಬರೆದಿಟ್ಟ. ನುಗ್ಗಿದವನು ಲ್ಯಾಬಿನ ಮೂಲಕ ಅಮೆರಿಕದ ಸೇನೆಗೆ ಸಂಬಂಧಿಸಿದ ಕಂಪ್ಯೂಟರುಗಳನ್ನು ತಡಕುತ್ತಿದ್ದ. ಸುಮಾರು 450ಕ್ಕೆ ಕೈಹಾಕಿ 30ಕ್ಕೂ ಹೆಚ್ಚು ಕಡೆ ಒಳಹೊಕ್ಕ. ಮೊದಮೊದಲು ಎಫ್‌ಬಿಐಗೆ ಆಸಕ್ತಿಯೇ ಇರಲಿಲ್ಲ. ಒಂದು ಡಾಲರೂ ನಷ್ಟವಾಗಿಲ್ಲವಲ್ಲ!

ದೊಡ್ಡಪ್ಪ: ಹಾಗಾದರೆ ನಾನು ಹೇಳಿದ್ದೇ ಆಯಿತು. ಅಧಿಕಾರ ಇದ್ದವರು ಕೇಳಲಿಲ್ಲ, ಅವನೇ ಬೆನ್ನು ಹತ್ತಿದ.

ಮಗಳು: ಬೆನ್ನು ಹತ್ತಿದ, ನಿಜ. ಹೇಗೆ ಹತ್ತಿದ ನೋಡಿ. ತನ್ನ ಲ್ಯಾಬಿನ ಕಂಪ್ಯೂಟರಿನಲ್ಲಿ ನಡೆದದ್ದನ್ನು ನೋಡಿದ. ಕಳ್ಳನ ಕಂಪ್ಯೂಟರಿಗೆ ತಾನು ನುಗ್ಗಲಿಲ್ಲ. ಯಾವ ಕಂಪ್ಯೂಟರಿಗೆ ಅಪಾಯ ಬಂತೋ ಅದರ ಹೊಣೆ ಹೊತ್ತವರಿಗೆ ಕರೆಮಾಡಿ ಎಚ್ಚರಿಸಿದ. ತೀರಾ ಸೂಕ್ಷ್ಮವಾದದ್ದಕ್ಕೆ ಕೈಯಿಟ್ಟಾಗ ಕೀಲಿಗೊಂಚಲನ್ನು ತಂತಿಗೆ ತಾಗಿಸಿ ಲೈನು ಕೆಟ್ಟಂತೆ ಮಾಡುತ್ತಿದ್ದ. ಕಳ್ಳ ಹೆಚ್ಚು ಹೊತ್ತು ಲೈನಿನಲ್ಲಿ ಇರಲಿ ಅಂತ ಎಸ್‌ಡಿಐನೆಟ್ ಎಂಬ ಇಲ್ಲದ ಕಚೇರಿಯ ಸುಳ್ಳು ಕಡತಗಳನ್ನು ಸೃಷ್ಟಿಸಿ, ಹೆಚ್ಚಿನ ವಿವರಕ್ಕೆ ಅಂಚೆಯಲ್ಲಿ ಬರೆಯಿರಿ ಅಂತ ವಿಳಾಸ ಇಟ್ಟ. ಕೆಲವು ತಿಂಗಳ ಮೇಲೆ ಪಿಟ್ಸ್‌ಬರ್ಗ್‌ನಿಂದ ನಿಜಕ್ಕೂ ಒಂದು ಕಾಗದ ಬಂತು! ಆ ಕಡತ ಕದ್ದು ಓದಿದವರ ಮೂಲಕವಲ್ಲದೆ ಆ ವಿಳಾಸ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಫೋನ್ ಲೈನು ಹಿಡಿದು ಆಚೆಗೆ ಹೋಗುವ ಕೆಲಸ ಮಾತ್ರ ಟೆಲಿಫೋನ್ ಕಂಪನಿ, ಟೈಮ್‌ನೆಟ್, ಜರ್ಮನಿಯ ಅಂಚೆ ಇಲಾಖೆಯದು. ಕೊನೆಗೆ ಸಿಕ್ಕವನು ಹ್ಯಾನೋವರ್‌ನ ಮಾರ್ಕಸ್ ಹೆಸ್. ಕದ್ದದ್ದನ್ನು ಅವನ ಗುಂಪು ಸೋವಿಯತ್ ಕೆಜಿಬಿಗೆ ಮಾರುತ್ತಿತ್ತು. 1990ರಲ್ಲಿ ಜರ್ಮನ್ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಅಮಾನತಿನಲ್ಲಿಟ್ಟ ಶಿಕ್ಷೆ. ನನಗೆ ಒಂದು ವಿಷಯದಲ್ಲಿ ಸ್ಟೋಲ್ ಮಾಡಿದ್ದು ಸರಿಯೇ ಅಂತ ಈಗಲೂ ಅನುಮಾನವಿದೆ. ಬಾಗಿಲು ಮುಚ್ಚದೆ ತಿಂಗಳುಗಟ್ಟಲೆ ನೋಡುತ್ತಾ ಇದ್ದಾಗ ಬೇರೆಯವರ ಕಂಪ್ಯೂಟರುಗಳು ಅಪಾಯದಲ್ಲಿದ್ದವು. ಎಚ್ಚರಿಕೆ ಕೊಟ್ಟಿದ್ದರಿಂದ ಅಷ್ಟಕ್ಕೆ ಸಮಾಧಾನ.

ದೊಡ್ಡಪ್ಪ: ಇನ್‌ಸ್ಪೆಕ್ಷನ್‌ಗೆ ಹೋದಾಗ ನಮಗೂ ಹೀಗೊಂದು ಗೆರೆ ಇತ್ತು. ಬ್ರಾಂಚಿನ ಎಲ್ಲ ಲೆಡ್ಜರೂ ನಮ್ಮ ಮುಂದೆ. ಊರಿನ ಡಾಕ್ಟರಿಗೆ ಎಷ್ಟು ಠೇವಣಿ, ಯಾರ ಮನೆ ಮೇಲೆ ಎಷ್ಟು ಸಾಲ, ಯಾರ ಹೆಂಡತಿಯ ಒಡವೆ ಅಡವಿನಲ್ಲಿದೆ, ಎಲ್ಲ ಕಾಣುತ್ತಿತ್ತು. ನಾವು ನೋಡಲು ಹೋದದ್ದು ಒಂದು ಸಾಲದ ಖಾತೆಯಾದರೆ ಪಕ್ಕದ ಪುಟ ಕಣ್ಣಿಗೆ ಬಿದ್ದರೂ ಅದು ನಮ್ಮ ಬಾಯಿಗೆ ಬರಬಾರದು. ಮ್ಯಾನೇಜರ್ ತಪ್ಪು ಮಾಡಿದ್ದಾನೆ ಅನ್ನಿಸಿದರೂ ಅವನ ಹೆಸರನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಬರುತ್ತಿರಲಿಲ್ಲ. ವರದಿ ಮೇಲಕ್ಕೆ ಹೋಗುತ್ತಿತ್ತು, ಅವನ ಉತ್ತರ ಕೇಳುತ್ತಿದ್ದರು.

ಮಗಳು: ನೀವು ಹೇಳಿದ್ದನ್ನೇ ಬರ್ಕ್ಲಿಯವರು ಪುಸ್ತಕವಾಗಿ ಬರೆದಿದ್ದಾರೆ. ಬರ್ಕ್ಲಿ ಕಾನೂನು ಶಾಲೆಯ ಮಾನವ ಹಕ್ಕುಗಳ ಕೇಂದ್ರವೂ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಸೇರಿ 2020ರ ಡಿಸೆಂಬರ್‌ನಲ್ಲಿ ತಂದದ್ದು, ಹೆಸರು ಬರ್ಕ್ಲಿ ಪ್ರೋಟೊಕಾಲ್. ಯುದ್ಧಾಪರಾಧಗಳ ವಿಡಿಯೊ, ಫೋಟೋ, ಪೋಸ್ಟುಗಳು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಹೇಗೆ ಕೂಡಿಸಬೇಕು, ಹೇಗೆ ಕಾಪಾಡಬೇಕು, ಹೇಗೆ ಪರಿಶೀಲಿಸಬೇಕು ಅನ್ನುವುದು ಅದರ ವಿಷಯ. ನಮ್ಮ ಸೈಬರ್ ಕೆಲಸಕ್ಕೆ ಬರೆದದ್ದಲ್ಲವಾದರೂ ನನ್ನ ಮೇಜಿನ ಮೇಲೆ ಅದು ಸದಾ ಇರುತ್ತದೆ. ತನಿಖೆಗೆ ಬೇಕಾದಷ್ಟನ್ನೇ ತೆಗೆದುಕೊ, ನಿನ್ನ ಊಹೆಗೆ ವಿರುದ್ಧವಾದದ್ದನ್ನೂ ಹುಡುಕು, ನಿನ್ನ ಹುಡುಕಾಟದಿಂದ ಯಾರಿಗೆ ತೊಂದರೆಯಾಗಬಹುದು ಅಂತ ಮೊದಲೇ ಯೋಚಿಸು. ಮೂರನೆಯದನ್ನೇ ಎಲ್ಲರೂ ಮರೆಯುವುದು.

ದೊಡ್ಡಪ್ಪ: ಕಾನೂನು ಏನು ಹೇಳುತ್ತದೆ? ಕಣ್ಣಿಗೆ ಕಾಣುವಂತೆ ಇಟ್ಟದ್ದನ್ನು ನೋಡಿದರೆ ತಪ್ಪಿಲ್ಲ ತಾನೆ?

ಮಗಳು: ನೋಡುವುದಕ್ಕೆ ಹೆಚ್ಚೇನೂ ಅಡ್ಡಿಯಿಲ್ಲ. ಇಲ್ಲೇ ಒಂದು ದೊಡ್ಡ ಮೊಕದ್ದಮೆ ನಡೆಯಿತು. ಹೈಕ್ಯೂ ಅನ್ನುವ ಕಂಪನಿ ಲಿಂಕ್ಡ್‌ಇನ್‌ನ ಬಹಿರಂಗ ಪುಟಗಳನ್ನು ಯಂತ್ರದಿಂದ ಬಾಚಿಕೊಳ್ಳುತ್ತಿತ್ತು. ಅದು ಕಂಪ್ಯೂಟರ್ ಅತಿಕ್ರಮಣ ಅನ್ನಿಸುವ ಸಾಧ್ಯತೆ ಇಲ್ಲ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯ 2019ರಲ್ಲೂ 2022ರ ಏಪ್ರಿಲ್‌ನಲ್ಲೂ ಹೇಳಿತು. ಹೈಕ್ಯೂನವರು ಗೆದ್ದೆವು ಅಂದುಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಕೆಳಗಿನ ನ್ಯಾಯಾಲಯ, ಲಿಂಕ್ಡ್‌ಇನ್ ಜತೆಗಿನ ಬಳಕೆದಾರರ ಕರಾರನ್ನು ಹೈಕ್ಯೂ ಮುರಿದಿದೆ ಅಂದಿತು. ಅಪರಾಧವಲ್ಲದ್ದೂ ಕರಾರಿನ ತಪ್ಪಾಗಬಹುದು. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಿವೆ. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಹೊಕ್ಕರೆ, ಬಾಗಿಲು ತೆರೆದಿತ್ತು ಅನ್ನುವುದು ನೆಪವಾಗುವುದಿಲ್ಲ. ನೀವು ಕ್ರಿಸ್ಟ್ ಡ್ರೈವ್‌ಗೆ ಹೋಗಿದ್ದಿರಲ್ಲ, ಸ್ಟೀವ್ ಜಾಬ್ಸ್ ಬೆಳೆದ ಮನೆ ನೋಡಲು?

ದೊಡ್ಡಪ್ಪ: ಹೋಗಿದ್ದೆ. ಆ್ಯಪಲ್ ಹುಟ್ಟಿದ ಗ್ಯಾರೇಜು ಅಂತ ಜನ ಬರುತ್ತಲೇ ಇರುತ್ತಾರೆ. 2013ರಲ್ಲಿ ಊರಿನವರು ಅದನ್ನು ಐತಿಹಾಸಿಕ ಆಸ್ತಿ ಅಂತ ಗುರುತಿಸಿದರಂತೆ.

ಮಗಳು: ರಸ್ತೆಯಲ್ಲಿ ನಿಂತು ನೋಡಿದಿರಿ, ಫೋಟೋ ತೆಗೆದಿರಿ, ಸರಿ. ಅದು ಒಬ್ಬರ ಮನೆ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡುತ್ತಿರಲಿಲ್ಲ. ಶೋಡಾನ್ ಅನ್ನುವ ಹುಡುಕುಯಂತ್ರವಿದೆ, ಜಾನ್ ಮ್ಯಾದರ್ಲಿ 2009ರಲ್ಲಿ ಆರಂಭಿಸಿದ್ದು. ಇಂಟರ್ನೆಟ್ಟಿಗೆ ಜೋಡಿಸಿರುವ ಕ್ಯಾಮೆರಾ, ಡೇಟಾಬೇಸ್, ಕಾರ್ಖಾನೆಯ ಯಂತ್ರ ಎಲ್ಲವನ್ನೂ ಅದು ಪಟ್ಟಿಮಾಡುತ್ತದೆ. ಮೋಸದ ಸೈಟಿನ ಸರ್ವರಿನಲ್ಲಿ ಪಾಸ್‌ವರ್ಡ್ ಇಲ್ಲದ ಡೇಟಾಬೇಸ್ ಇದೆ ಅಂತ ಅದರಲ್ಲಿ ಕಂಡರೆ ಆ ಸಂಗತಿಯನ್ನು ಬರೆದುಕೊಳ್ಳುತ್ತೇನೆ. ಒಳಹೊಕ್ಕು ಯಾರು ಯಾರ ಪಾಸ್‌ಪೋರ್ಟ್ ಇದೆ ಅಂತ ತೆರೆದು ನೋಡುವುದಿಲ್ಲ.

ದೊಡ್ಡಪ್ಪ: ಅದರಲ್ಲಿ ಆ ಮಗುವಿನ ಪಾಸ್‌ಪೋರ್ಟೇ ಇದ್ದರೂ?

ಮಗಳು: ಅದರ ಜತೆ ಇನ್ನೂ ಸಾವಿರ ಮಕ್ಕಳದ್ದೂ ಇರುತ್ತದೆ. ಅದನ್ನು ತೆರೆದರೆ ನಾನು ಅವರ ಪುಟಗಳನ್ನು ನೋಡಿದ ಇನ್ನೊಬ್ಬ ಅಪರಿಚಿತಳು, ಅಷ್ಟೇ. ಇದು ನನ್ನ ಕೆಲಸದಲ್ಲಿ ಅತ್ಯಂತ ಕಷ್ಟದ ಜಾಗ ದೊಡ್ಡಪ್ಪ. ಕದ್ದ ಡೇಟಾ ಇಂಟರ್ನೆಟ್ಟಿನಲ್ಲಿ ರಾಶಿ ಬಿದ್ದಿರುತ್ತದೆ. ಒಂದು ಇ-ಮೇಲ್ ಹಾಕಿದರೆ ಹಳೆಯ ಪಾಸ್‌ವರ್ಡ್, ಹುಟ್ಟಿದ ದಿನ, ಮನೆ ಎಲ್ಲ ಕೊಡುವವರಿದ್ದಾರೆ. ನನ್ನ ಜತೆಯವರಲ್ಲಿ ಕೆಲವರು, ಅದು ಈಗಾಗಲೇ ಬಯಲಾಗಿದೆ, ಬಳಸಿದರೇನು ಅನ್ನುತ್ತಾರೆ. ನನಗೆ ಮಾದರಿ ಟ್ರಾಯ್ ಹಂಟ್. ಆಸ್ಟ್ರೇಲಿಯಾದವರು, 2013ರಲ್ಲಿ ಹ್ಯಾವ್ ಐ ಬೀನ್ ಪೌನ್ಡ್ ಸೈಟು ಶುರುಮಾಡಿದರು. ನಿಮ್ಮ ಇ-ಮೇಲ್ ಹಾಕಿದರೆ ಅದು ಯಾವ ಸೋರಿಕೆಯಲ್ಲಿ ಹೋಗಿದೆ ಅಂತ ಹೇಳುತ್ತದೆ, ಸೋರಿದ ಮಾಹಿತಿಯನ್ನು ಮಾತ್ರ ತೋರಿಸುವುದಿಲ್ಲ. 2015ರಲ್ಲಿ ಆ್ಯಷ್ಲಿ ಮ್ಯಾಡಿಸನ್ ಎಂಬ, ಮದುವೆಯಾಚೆಗಿನ ಸಂಬಂಧ ಹುಡುಕುವವರ ಸೈಟಿನ ಪಟ್ಟಿ ಸೋರಿತು. ಹೆಂಡತಿ ಗಂಡನ ವಿಳಾಸ, ಮಾಲೀಕ ನೌಕರನ ವಿಳಾಸ ಹಾಕಿ ನೋಡಲು ಕಾಯುತ್ತಿದ್ದ ಸಮಯ ಅದು. ಹಂಟ್ ಅದನ್ನು ಸೂಕ್ಷ್ಮ ಸೋರಿಕೆ ಅಂತ ಬೇರೆ ಮಾಡಿದರು. ಆ ಇ-ಮೇಲ್ ತನ್ನದೇ ಅಂತ ಸಾಬೀತು ಮಾಡಿದವನಿಗೆ ಮಾತ್ರ ಉತ್ತರ. ತೋರಿಸುವ ಶಕ್ತಿ ಕೈಯಲ್ಲಿದ್ದೂ ತೋರಿಸದ ಹಾಗೆ ಯಂತ್ರವನ್ನೇ ಕಟ್ಟಿದರು. ಅದನ್ನು ನಾನು ತುಂಬಾ ಗೌರವಿಸುತ್ತೇನೆ.

ದೊಡ್ಡಪ್ಪ: ಸರಿ, ನೀನು ನಿಲ್ಲುವ ಜಾಗ ತಿಳಿಯಿತು. ಅಲ್ಲಿಂದಾಚೆಗೆ ಹೋಗುವವರು ಯಾರು? ಹೋಗುತ್ತಾರಾದರೂ?

ಮಗಳು: ಹೋದ ಉದಾಹರಣೆ ಈ ಸಾಂಟಾ ಕ್ಲಾರಾ ಕೌಂಟಿಯಲ್ಲೇ ಇದೆ. ಸೈಬರ್ ಅಪರಾಧಕ್ಕಾಗಿ ಇಲ್ಲಿ ರಿಯಾಕ್ಟ್ ಅನ್ನುವ ತಂಡವಿದೆ, ಹಲವು ಪೊಲೀಸ್ ಇಲಾಖೆಗಳು ಕೂಡಿ ಕಟ್ಟಿದ್ದು. 2018ರಲ್ಲಿ ಸಿಮ್ ಸ್ವಾಪ್ ಹಾವಳಿ ಜೋರಾಗಿತ್ತು. ನಿಮ್ಮ ಫೋನ್ ನಂಬರನ್ನು ಕಂಪನಿಯವರಿಂದ ತಮ್ಮ ಸಿಮ್‌ಗೆ ಹಾಕಿಸಿಕೊಳ್ಳುತ್ತಾರೆ, ಆಮೇಲೆ ನಿಮಗೆ ಬರುವ ಒಟಿಪಿಯೆಲ್ಲ ಅವರಿಗೆ. ಬಾಸ್ಟನ್ನಿನ ಜೋಯಲ್ ಓರ್ಟಿಜ್ ಅನ್ನುವ 20 ವರ್ಷದ ಕಾಲೇಜು ಹುಡುಗ ಹೀಗೆ ಸುಮಾರು 40 ಜನರಿಂದ 50 ಲಕ್ಷ ಡಾಲರಿಗೂ ಮೀರಿ ಬಿಟ್‌ಕಾಯಿನ್ ಮುಂತಾದವನ್ನು ಕದ್ದಿದ್ದ. ಫೋನ್ ಕಂಪನಿಯ ದಾಖಲೆಯಿಂದ ಕದ್ದ ನಂಬರ್ ಯಾವ ಹ್ಯಾಂಡ್‌ಸೆಟ್ಟಿಗೆ ಹೋಯಿತು ಅಂತ ಐಎಂಇಐ ಸಂಖ್ಯೆ ಸಿಕ್ಕಿತು. ಆ ಸಂಖ್ಯೆ ಹಿಡಿದು ಗೂಗಲ್‌ನಿಂದ ಅದಕ್ಕೆ ಜೋಡಿಸಿದ್ದ ಇ-ಮೇಲ್ ಖಾತೆಗಳು ಸಿಕ್ಕವು. ಅವನು ಯುರೋಪಿಗೆ ಹೊರಟಾಗ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಹಿಡಿದರು. 2019ರಲ್ಲಿ 10 ವರ್ಷ ಶಿಕ್ಷೆಯಾಯಿತು. ಆ ಕಂಪನಿಗಳ ದಾಖಲೆಗಳು ನನ್ನಂಥವಳಿಗೆ ಸಿಗುವಂಥವಲ್ಲ, ಸಿಗಲೂಬಾರದು. ಅದಕ್ಕೆ ವಾರಂಟ್ ಬೇಕು, ವಾರಂಟಿನ ಮೇಲೆ ನ್ಯಾಯಾಧೀಶರ ಸಹಿ ಬೇಕು.

ದೊಡ್ಡಪ್ಪ: 50 ಲಕ್ಷ ಡಾಲರ್ ಅಂದರೆ ಹೋಗದೆ ಇರುತ್ತಾರೆಯೇ. ನಮ್ಮವರದು ಇನ್ನೂರು ಡಾಲರ್.

ಮಗಳು: ಇನ್ನೂರು ಡಾಲರಿನ ಒಂದು ದೂರಿಗೆ ಯಾರೂ ಬರುವುದಿಲ್ಲ ಅನ್ನುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಇಂಟರ್ನೆಟ್ ಅಪರಾಧದ ದೂರು ತೆಗೆದುಕೊಳ್ಳುವ ಎಫ್‌ಬಿಐನ ಐಸಿ3 ಕೇಂದ್ರಕ್ಕೆ 2024ರಲ್ಲಿ ಸುಮಾರು 8 ಲಕ್ಷ 60 ಸಾವಿರ ದೂರುಗಳು ಬಂದವು, ನಷ್ಟ 1,660 ಕೋಟಿ ಡಾಲರ್. ಅಲ್ಲಿ ದೂರುಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ನಾನು ಕೂಡಿಸಿದ ಹತ್ತು ಸೈಟುಗಳ ಪಟ್ಟಿ, ತಾರೀಖು, ಉಳಿಸಿದ ಪ್ರತಿಗಳು ಒಂದೇ ದೂರಿನ ಜತೆ ಹೋದರೆ ನಾಳೆ ಇನ್ನೊಬ್ಬರ ದೂರು ಅದಕ್ಕೆ ಬಂದು ಕೂಡುತ್ತದೆ. ಡೊಮೇನ್ ಮಾರಿದ ಕಂಪನಿಗೂ ಹೋಸ್ಟಿಂಗ್ ಕಂಪನಿಗೂ ದೂರು ಕೊಡಲು ವಿಳಾಸವಿರುತ್ತದೆ, ಅಲ್ಲಿಗೂ ಕಳಿಸುತ್ತೇನೆ. ಗೂಗಲ್‌ನ ಸೇಫ್ ಬ್ರೌಸಿಂಗ್‌ಗೂ ತಿಳಿಸಬಹುದು. ಅವರು ಒಪ್ಪಿದರೆ ಆ ಪುಟ ತೆರೆಯಲು ಹೋದವರಿಗೆ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಇಷ್ಟರಿಂದ ಅವನು ಜೈಲಿಗೆ ಹೋಗುತ್ತಾನೆ ಅಂತ ನಾನು ಮಾತು ಕೊಡುವುದಿಲ್ಲ. ಮುಂದಿನ ಅಜ್ಜನ ದುಡ್ಡು ಉಳಿಯಬಹುದು.

ದೊಡ್ಡಪ್ಪ: ಅವನು ತಪ್ಪಿಸಿಕೊಳ್ಳುತ್ತಾನೆ ಅನ್ನುವುದು ನನಗೆ ಈಗಲೂ ನುಂಗಲಾರದ ತುತ್ತು. ಅದನ್ನು ನಿನಗೆ ಹೇಳಲೇಬೇಕು.

ಮಗಳು: ನನಗೂ ಹಾಗೇ ಆಗುತ್ತದೆ. ಇನ್ನೊಂದು ಮಾತು. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಇದು ಖಾಸಗಿ ಸೇವೆ ಅಂತ ಬರೆದಿದೆ. ಇಂಥ ಕೆಲವು ಸೈಟುಗಳು ದುಪ್ಪಟ್ಟು ದುಡ್ಡು ಕಿತ್ತುಕೊಂಡು ಕೊನೆಗೆ ಅರ್ಜಿಯನ್ನು ಸರ್ಕಾರಕ್ಕೆ ಹಾಕಿಯೂ ಬಿಡುತ್ತವೆ. ಆಗ ಅವನನ್ನು ಕಳ್ಳ ಅನ್ನಬೇಕೋ ದುಬಾರಿ ದಲ್ಲಾಳಿ ಅನ್ನಬೇಕೋ?

ದೊಡ್ಡಪ್ಪ: ಸಿಂಹ ಲಾಂಛನವನ್ನು ಖಾಸಗಿಯವರು ಹಾಗೆ ಬಳಸುವಂತಿಲ್ಲ. ಅದಕ್ಕೆ 2005ರ ಕಾಯ್ದೆಯೇ ಇದೆ.

ಮಗಳು: ಅದನ್ನು ದೂರಿನಲ್ಲಿ ಖಂಡಿತ ಬರೆಯೋಣ, ಒಳ್ಳೆಯ ಅಂಶ. ಭಾರತ ಸರ್ಕಾರದ ಇ-ವೀಸಾ ಪುಟದಲ್ಲೇ, ಈ ಸೇವೆಗೆ ಯಾವ ಮಧ್ಯವರ್ತಿಯೂ ಬೇಕಿಲ್ಲ ಅಂತ ಎಚ್ಚರಿಕೆ ಇದೆ. ನಾವು ಬರೆಯಬೇಕಾದದ್ದು ಕಣ್ಣಾರೆ ಕಂಡದ್ದು: ಲಾಂಛನ ಇತ್ತು, ಇಷ್ಟು ಹಣ ತೆಗೆದುಕೊಂಡರು, ಈ ತಾರೀಖಿನಿಂದ ಉತ್ತರವಿಲ್ಲ. ವಂಚಕ ಅನ್ನುವ ತೀರ್ಪನ್ನು ಓದುವವರಿಗೆ ಬಿಡೋಣ. ಮತ್ತೆ ಗುಂಪಿನ ವಿಚಾರ. ಹೆಸರು ಹಾಕಿದರೆ ಮೊದಲ ಪ್ರಶ್ನೆ ಏನು ಬರುತ್ತದೆ ಹೇಳಿ. ಪಾಪ, ಯಾರಿಗೆ ಹೀಗಾಯಿತು ಅಂತ. ಲಾಸ್ ಆಲ್ಟೋಸ್‌ನಲ್ಲಿ ಮಂಡ್ಯದ ಅಜ್ಜ, ಭಾರತಕ್ಕೆ ಹೊರಟಿರುವ ಮೊಮ್ಮಗಳು ಅಂದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಮಗನಿಗೂ ಹೇಳದ ಸಂಗತಿ ಅದು.

ದೊಡ್ಡಪ್ಪ: ಇದು ನನಗೆ ಹೊಳೆದೇ ಇರಲಿಲ್ಲ. ಅವರು ಬೆಳಿಗ್ಗೆ ವಾಕಿಂಗಿಗೆ ಬರುವುದನ್ನೇ ಬಿಟ್ಟುಬಿಡುತ್ತಿದ್ದರು.

ಮಗಳು: ಅವರನ್ನೇ ಕೇಳಿ, ದೂರು ಕೊಡಬೇಕೋ ಬೇಡವೋ ಅಂತ. ಅವರ ಒಪ್ಪಿಗೆ ಇಲ್ಲದೆ ನಾನು ಒಂದು ಹೆಜ್ಜೆಯೂ ಇಡುವುದಿಲ್ಲ. ಆ ಸೈಟಿನವರು ಕಳಿಸಿದ ಪಿಡಿಎಫ್ ಅನ್ನು ನೀವು ವೈರಸ್ ಇದೆಯೇ ನೋಡೋಣ ಅಂತ ವೈರಸ್‌ಟೋಟಲ್‌ಗೆ ಹಾಕಬೇಡಿ. ಅಲ್ಲಿ ಹಾಕಿದ ಕಡತ ಬೇರೆ ಚಂದಾದಾರರಿಗೂ ಸಿಗುತ್ತದೆ, ಇದರಲ್ಲಿ ಮಗುವಿನ ಪಾಸ್‌ಪೋರ್ಟ್ ಸಂಖ್ಯೆ ಇದೆ. ಕಡತದ ಹ್ಯಾಶ್ ಸಂಖ್ಯೆಯನ್ನು ಮಾತ್ರ ಹಾಕಿ ಹುಡುಕಬಹುದು, ಅದನ್ನು ನಾನು ಮಾಡುತ್ತೇನೆ.

ದೊಡ್ಡಪ್ಪ: ಮಗುವಿನ ವಿಷಯಕ್ಕೆ ಏನು ಮಾಡಬೇಕು?

ಮಗಳು: ಅವಳ ಅಪ್ಪ ಅಮ್ಮನಿಗೆ ಹೇಳಲೇಬೇಕು, ಅದನ್ನು ಅಜ್ಜನಿಗೆ ನೀವೇ ಮನವರಿಕೆ ಮಾಡಿ. 16 ವರ್ಷದೊಳಗಿನ ಮಕ್ಕಳ ಹೆಸರಿನಲ್ಲಿ ಯಾರೂ ಸಾಲ ಎತ್ತದಂತೆ ಕ್ರೆಡಿಟ್ ಫ್ರೀಜ್ ಮಾಡಿಸಬಹುದು. 2018ರ ಸೆಪ್ಟೆಂಬರ್‌ನಿಂದ ಅಮೆರಿಕದಲ್ಲಿ ಅದು ಉಚಿತ. ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರಕ್ಕೂ ತಂದೆತಾಯಿ ಬರೆಯಬೇಕು. ಕಾರ್ಡ್ ಕಂಪನಿಗೆ ಇಂದೇ ಕರೆ ಮಾಡಲಿ. ಬಿಲ್ ಬಂದ 60 ದಿನದೊಳಗೆ ಲಿಖಿತ ತಕರಾರು ಹೋಗಬೇಕು ಅನ್ನುವುದು ಇಲ್ಲಿನ ಕಾನೂನು.

ದೊಡ್ಡಪ್ಪ: ಗುಂಪಿಗೆ ಏನೂ ಹಾಕದೆ ಇರಲಾರೆ. ಅಲ್ಲಿ ಅರ್ಧದಷ್ಟು ಜನ ಡಿಸೆಂಬರ್‌ಗೆ ಊರಿಗೆ ಹೊರಟವರೇ, ನಾಳೆ ಅವರೂ ಅದೇ ಪುಟಕ್ಕೆ ಹೋಗುತ್ತಾರೆ.

ಮಗಳು: ಹಾಕಲೇಬೇಕು. ಯಾರ ಹೆಸರೂ ಇಲ್ಲದೆ ನಾಲ್ಕು ಸಾಲು ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಅಜ್ಜ ಅಜ್ಜಿಯರೂ ಓದುವ ಹಾಗೆ. ಭಾರತದ ಇ-ವೀಸಾಗೆ ಸರ್ಕಾರದ ಒಂದೇ ಸೈಟು, ಇಂಡಿಯನ್‌ವೀಸಾಆನ್‌ಲೈನ್ ಡಾಟ್ ಜಿಒವಿ ಡಾಟ್ ಇನ್. ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದ ಜಾಹೀರಾತನ್ನು ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ. ಈಗಾಗಲೇ ದುಡ್ಡು ಕಟ್ಟಿದ್ದರೆ ಏನನ್ನೂ ಅಳಿಸದೆ ರಸೀದಿ, ಇ-ಮೇಲ್, ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಲ್ಲಿದ್ದರೆ ಐಸಿ3 ಡಾಟ್ ಜಿಒವಿಯಲ್ಲಿ ದೂರು ಕೊಡಿ. ಊರಿನಲ್ಲಿರುವವರಿಗೆ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ಕರೆ ಹೋದರೆ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ.